ಅಮ್ಮ ನೆಗೆಟಿವ್, ಮಗು ಪಾಸಿಟಿವ್: ಸೀಮಂತದಿಂದ ಬಾಣಂತನದವರೆಗೆ ಏನೇನು ನೋಡಿಕೊಳ್ಳಬೇಕು

ನನ್ನ ಗ್ರೂಪ್ ಓ ನೆಗೆಟಿವ್, ಗಂಡನದ್ದು ಬಿ ಪಾಸಿಟಿವ್. ಮದುವೆಗೆ ಮೊದಲು ಜಾತಕವನ್ನು ಎರಡು ಕಡೆ ತೋರಿಸಿದ್ದರು, ರಕ್ತದ ಗ್ರೂಪ್ ಮಾತ್ರ ಯಾರೂ ಕೇಳಲಿಲ್ಲ. ಕೇಳಿ ಗೊತ್ತಾಗಿದ್ದರೂ ಮದುವೆ ಬಿಡುವಂಥ ವಿಷಯವಲ್ಲ ಇದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ಒಳ್ಳೆಯ ಮದ್ದಿದೆ. ಆದರೆ ನಮ್ಮ ಕಾಸರಗೋಡಿನ ಕಡೆ ಆ ಮದ್ದು ತಪ್ಪಿ ಹೋಗುವುದಕ್ಕೆ ಒಂದು ವಿಚಿತ್ರ ಕಾರಣ ಇದೆ, ಅದು ಸೀಮಂತ.

ನಗಬೇಡಿ. ನನ್ನ ಗಂಡನ ಮನೆ ಕರ್ನಾಟಕದ ಪುತ್ತೂರು ಕಡೆ, ತವರು ಗಡಿಯಾಚೆ ಕೇರಳದ ಪೆರ್ಲದ ಹತ್ತಿರ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಮಡಿಲು ತುಂಬಿಸಿ ತವರಿಗೆ ಕಳಿಸಿದರು. ನೆಗೆಟಿವ್ ಇರುವ ಬಸುರಿಗೆ ಕೊಡುವ ಆಂಟಿ ಡಿ ಇಂಜೆಕ್ಷನ್‌ನ ಸಮಯ 28ನೇ ವಾರ, ಅಂದರೆ ಸರಿಯಾಗಿ ಅದೇ ಹೊತ್ತು. ಮೊದಲು ತೋರಿಸುತ್ತಿದ್ದ ಕಡೆ, ಹೇಗೂ ಊರಿಗೆ ಹೋಗುತ್ತಾರಲ್ಲ, ಅಲ್ಲಿ ಕೊಡುತ್ತಾರೆ ಅಂದುಕೊಂಡರು. ಹೊಸ ಕಡೆ, ಅಲ್ಲೇ ಕೊಟ್ಟಿರಬಹುದು ಅಂದುಕೊಂಡರು. ನಾನು ಏನೂ ಅಂದುಕೊಳ್ಳಲಿಲ್ಲ, ನನಗೆ ಗೊತ್ತೇ ಇರಲಿಲ್ಲ. 31ನೇ ವಾರದಲ್ಲಿ ಒಬ್ಬರು ಸಿಸ್ಟರ್ ಫೈಲ್ ತಿರುವಿ ಹಾಕುತ್ತಾ "ಇಂಜೆಕ್ಷನ್ ಎಡ್‌ತ್ತೋ?" (ಇಂಜೆಕ್ಷನ್ ತೆಗೆದುಕೊಂಡಿರಾ) ಎಂದು ಮಲಯಾಳದಲ್ಲಿ ಕೇಳಿದಾಗಲೇ ವಿಷಯ ಹೊರಗೆ ಬಂದದ್ದು. ಪುಣ್ಯಕ್ಕೆ ಅಷ್ಟರಲ್ಲಿ ಏನೂ ಆಗಿರಲಿಲ್ಲ. ತಡವಾದರೂ ಕೊಟ್ಟರು.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ್ ಹೇಳುವ ಮಾತಿಗೆ ಬದಲಾಗಿ ಅಲ್ಲ, ಅವರ ಹತ್ತಿರ ಏನು ಕೇಳಬೇಕು ಎಂದು ಗೊತ್ತಿರಲಿ ಎಂದು.

ಒಳಗೆ ನಡೆಯುವುದೇನು

ನಮ್ಮ ರಕ್ತದ ಕೆಂಪು ಕಣಗಳ ಮೇಲೆ ಡಿ ಎನ್ನುವ ಒಂದು ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ ನೆಗೆಟಿವ್ ಇರುವವರು ನೂರಕ್ಕೆ ಸುಮಾರು 5 ಜನ. ಅಪ್ಪ ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗುವ ಸಾಧ್ಯತೆ ಜಾಸ್ತಿ. ಬಸುರಿಯಾಗಿರುವಾಗ ತಾಯಿ ಮಗುವಿನ ರಕ್ತ ನೇರವಾಗಿ ಬೆರೆಯುವುದಿಲ್ಲ, ನಡುವೆ ಮಾಸು ಇರುತ್ತದೆ. ಆದರೆ ಹೆರಿಗೆಯಾಗುವಾಗ, ಮಾಸು ಬಿಡುವಾಗ, ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ಮೈಗೆ ಆ ಡಿ ಗುರುತು ಹೊಸದು. ಯಾರೋ ಪರಕೀಯರು ಬಂದರು ಎಂದು ಅದನ್ನು ನಾಶ ಮಾಡುವ ಪ್ರತಿಕಾಯ ತಯಾರಿಸಲು ಶುರು ಮಾಡುತ್ತದೆ.

ಅಷ್ಟರಲ್ಲಿ ಮೊದಲನೆಯ ಮಗು ಹೊರಗೆ ಬಂದಾಗಿರುತ್ತದೆ, ಅದಕ್ಕೆ ಸಾಧಾರಣವಾಗಿ ಏನೂ ಆಗುವುದಿಲ್ಲ. ತೊಂದರೆ ಎರಡನೆಯದಕ್ಕೆ. ತಾಯಿಯ ಮೈಗೆ ಆ ನೆನಪು ಹೋಗುವುದಿಲ್ಲ, ಮುಂದಿನ ಪಾಸಿಟಿವ್ ಮಗು ಹೊಟ್ಟೆಯಲ್ಲಿರುವಾಗ ಪ್ರತಿಕಾಯಗಳು ಮಾಸು ದಾಟಿ ಹೋಗಿ ಮಗುವಿನ ಕೆಂಪು ಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಜೋರಾದರೆ ಮೈಯೆಲ್ಲ ನೀರು ತುಂಬಿ ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಹಿಂದಿನ ಕಾಲದಲ್ಲಿ "ಅವಳಿಗೆ ಮೊದಲನೆಯದು ಮಾತ್ರ ಉಳಿಯಿತು, ಆಮೇಲಿನದ್ದು ಒಂದೂ ಉಳಿಯಲಿಲ್ಲ" ಎಂದು ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಹರಕೆ, ನಾಗದೋಷ ಎಂದೆಲ್ಲ ಓಡಾಡಿದ ಆ ಮನೆಗಳಲ್ಲಿ ಕೆಲವು ಕಡೆ ಇದೇ ಕಾರಣ ಇದ್ದಿರಬಹುದು ಎಂದು ನನಗೆ ಈಗ ಅನಿಸುತ್ತದೆ.

ಆಂಟಿ ಡಿ ಇಂಜೆಕ್ಷನ್ ಮಾಡುವ ಕೆಲಸ ಇಷ್ಟೇ: ತಾಯಿಯ ಮೈ ಎಚ್ಚರಗೊಳ್ಳುವ ಮೊದಲೇ, ಒಳಗೆ ಸೇರಿದ ಮಗುವಿನ ಕಣಗಳನ್ನು ತೆಗೆದು ಹಾಕುತ್ತದೆ. ಇದು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1968ರಲ್ಲಿ. ಮದ್ದು ತಯಾರಾಗುವುದು ಮನುಷ್ಯರು ದಾನ ಮಾಡಿದ ಪ್ಲಾಸ್ಮಾದಿಂದ. ಆಸ್ಟ್ರೇಲಿಯಾದಲ್ಲಿ ಈ ಮದ್ದಿಗೆ ಪ್ಲಾಸ್ಮಾ ಕೊಟ್ಟ ಜೇಮ್ಸ್ ಹ್ಯಾರಿಸನ್ ಎನ್ನುವವರು 1954ರಿಂದ 2018ರವರೆಗೆ 1173 ಸಲ ರಕ್ತ, ಪ್ಲಾಸ್ಮಾ ಕೊಟ್ಟರು, 2025ರಲ್ಲಿ ತೀರಿಕೊಂಡರು. ಬೇರೆ ಯಾರದೋ ತೋಳಿನಿಂದ ಬಂದದ್ದು ನನ್ನ ಸೊಂಟಕ್ಕೆ ಚುಚ್ಚಿದರು ಎಂದು ಆಮೇಲೆ ಓದಿ ತಿಳಿದಾಗ ಆ ನೋವಿನ ಬಗ್ಗೆ ದೂರುವುದನ್ನು ಬಿಟ್ಟೆ.

ಬಸುರಿ ಎಂದು ಗೊತ್ತಾದ ಕೂಡಲೇ

ಇಬ್ಬರ ಗ್ರೂಪನ್ನೂ ಲ್ಯಾಬಿನಲ್ಲಿ ನೋಡಿಸಿ. ಗಂಡಸರು ತಮ್ಮ ಲೈಸೆನ್ಸ್ ತೆಗೆದು ತೋರಿಸುತ್ತಾರೆ, ಅದನ್ನು ನಂಬಬೇಡಿ. ಅದರಲ್ಲಿರುವುದು ಹೆಚ್ಚಿನ ಸಲ ಅರ್ಜಿಯಲ್ಲಿ ಅವರೇ ಬರೆದದ್ದು. ಶಾಲೆಯ ಕ್ಯಾಂಪಿನಲ್ಲಿ ಹೇಳಿದ್ದು ಎಂಬುದೂ ಲೆಕ್ಕಕ್ಕಿಲ್ಲ. ಇಬ್ಬರೂ ನೆಗೆಟಿವ್ ಆದರೆ ಈ ಡಿ ತಂಟೆ ಇಲ್ಲ. ತಾಯಿ ಪಾಸಿಟಿವ್, ಅಪ್ಪ ನೆಗೆಟಿವ್ ಆದರೂ ಇಲ್ಲ.

ತಾಯಿ ನೆಗೆಟಿವ್ ಆಗಿದ್ದರೆ ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ಐಸಿಟಿ ಎಂದಿರುತ್ತದೆ. ನಿಮ್ಮ ಮೈಯಲ್ಲಿ ಈಗಾಗಲೇ ಪ್ರತಿಕಾಯ ಇದೆಯೇ ಎಂದು ನೋಡುವುದಕ್ಕೆ. ಇಲ್ಲಿ ಒಂದು ಗೊಂದಲ: ಗ್ರೂಪ್ ನೆಗೆಟಿವ್ ಅಂದರೆ ಬೇರೆ, ಐಸಿಟಿ ನೆಗೆಟಿವ್ ಅಂದರೆ ಬೇರೆ. ಐಸಿಟಿ ನೆಗೆಟಿವ್ ಬಂದರೆ ಸಂತೋಷ ಪಡಬೇಕು. ನನ್ನ ಅತ್ತೆ ಫೋನಿನಲ್ಲಿ "ಪುನಃ ನೆಗೆಟಿವ್ ಬಂತಂತೆ" ಎಂದು ಊರಿಗೆಲ್ಲ ಬೇಸರದಿಂದ ಹೇಳಿದ್ದರು.

28 ವಾರಕ್ಕೆ ಈ ಟೆಸ್ಟ್ ಇನ್ನೊಮ್ಮೆ ಮಾಡಿ, ಆಮೇಲೆ ಇಂಜೆಕ್ಷನ್. ರಕ್ತ ಮೊದಲು ತೆಗೆಯಬೇಕು, ಚುಚ್ಚುವುದು ಆಮೇಲೆ. ಹಿಂದೆಮುಂದಾದರೆ ಇಂಜೆಕ್ಷನ್‌ನದ್ದೇ ಪ್ರತಿಕಾಯ ರಿಪೋರ್ಟಿನಲ್ಲಿ ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಕೊಡುವ ಡೋಸ್ 300 ಮೈಕ್ರೋಗ್ರಾಂ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಮದ್ದು, ಎಲ್ಲ ಮೆಡಿಕಲ್‌ಗಳಲ್ಲೂ ಇರುವುದಿಲ್ಲ, ಹೊರಗೆ ಕೊಂಡರೆ ಅಗ್ಗವೂ ಅಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವವರಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮದ್ದು, ಟೆಸ್ಟ್, ರಕ್ತ ಉಚಿತ. ಆದರೂ ಇಂಜೆಕ್ಷನ್ ಸ್ಟಾಕ್ ಇದೆಯೇ ಎಂದು ಒಂದು ವಾರ ಮೊದಲೇ ಕೇಳಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ವಿಚಾರಿಸಿ ತಿಳಿಸುತ್ತಾರೆ.

ಹೆರಿಗೆ ಅಲ್ಲದೆ ಬೇರೆ ಸಂದರ್ಭದಲ್ಲೂ ಮಗುವಿನ ರಕ್ತ ಸೇರಬಹುದು. ಗರ್ಭಪಾತ, ಮಗು ಗರ್ಭಕೋಶದ ಬದಲು ಕೊಳವೆಯಲ್ಲಿ ನಿಂತದ್ದು, ನಡುವೆ ರಕ್ತಸ್ರಾವ, ಸ್ಕೂಟರಿನಿಂದ ಬಿದ್ದು ಹೊಟ್ಟೆಗೆ ಪೆಟ್ಟು, ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು ತೆಗೆದು ಮಾಡುವ ಪರೀಕ್ಷೆ. ಇಂಥದ್ದು ಏನಾದರೂ ಆದರೆ "ನಾನು ನೆಗೆಟಿವ್, ಆಂಟಿ ಡಿ ಬೇಕಾ?" ಎಂದು ಆ ದಿನವೇ ಕೇಳಿ. ಗರ್ಭಪಾತವಾದ ದುಃಖದಲ್ಲಿ ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ, ಅದಕ್ಕೇ ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಟ್ಟಿರಿ. ಮನೆಯವರಿಗೆ ಹೇಳದೆ ನುಂಗಿದ ಮಾತ್ರೆಯ ಗರ್ಭಪಾತವನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಅವರಿಗೆ ಬೇಕಾದದ್ದು ಲೆಕ್ಕ, ಕಥೆ ಅಲ್ಲ.

ಗಡಿ ದಾಟುವ ಫೈಲ್

ಕರ್ನಾಟಕದ ತಾಯಿ ಕಾರ್ಡ್ ಕನ್ನಡದಲ್ಲಿ, ಕೇರಳದ್ದು ಮಲಯಾಳದಲ್ಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಜನರಿಗೆ ಎರಡೂ ಕಾರ್ಡ್ ಇರುತ್ತವೆ, ಸ್ಕ್ಯಾನ್ ಮಂಗಳೂರಿನಲ್ಲಿ, ಐರನ್ ಮಾತ್ರೆ ಇಲ್ಲಿಯ ಪಿಎಚ್‌ಸಿಯಲ್ಲಿ. ತಪ್ಪೇನಿಲ್ಲ. ಆದರೆ ಕಾರ್ಡಿನ ಮೊದಲ ಪುಟದಲ್ಲೇ ಗ್ರೂಪನ್ನು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಸಿ. ಐಸಿಟಿ ಮಾಡಿಸಿದ ತಾರೀಕು, ಇಂಜೆಕ್ಷನ್ ಕೊಟ್ಟ ತಾರೀಕು ಅದರ ಕೆಳಗೆ. ಇಂಜೆಕ್ಷನ್ ಬಾಟಲಿಯ ಸ್ಟಿಕ್ಕರ್ ಇದ್ದರೆ ಅಲ್ಲೇ ಅಂಟಿಸಲು ಹೇಳಿ, ಇಲ್ಲದಿದ್ದರೆ ಫೋಟೋ ತೆಗೆದಿಡಿ. ಗಂಡನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಆ ಫೋಟೋ ಇರಲಿ. ಸೀಮಂತದ ತಾರೀಕು 28ನೇ ವಾರದ ಹತ್ತಿರ ಬಂದರೆ, ಹೊರಡುವ ಮೊದಲೇ ಇಂಜೆಕ್ಷನ್ ತೆಗೆದುಕೊಂಡು ಹೊರಡುವುದು ಒಳ್ಳೆಯದು. ಬಳೆ, ಸೀರೆ, ಕಜ್ಜಾಯದ ಪಟ್ಟಿ ಮಾಡುವಾಗ ಅದೂ ಒಂದು ಸಾಲು.

2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮವರು ಎಷ್ಟು ಕಷ್ಟಪಟ್ಟರು ಎಂಬುದು ಯಾರೂ ಮರೆತಿಲ್ಲ. ಹಾಗಾಗಿ ಗಡಿಯ ಎರಡೂ ಬದಿಯಲ್ಲಿ ನಿಮಗೆ ಆಗುವ ಒಂದೊಂದು ಆಸ್ಪತ್ರೆ ನೋಡಿಟ್ಟಿರಿ, ನವಜಾತ ಶಿಶು ಘಟಕವೂ ರಕ್ತ ನಿಧಿಯೂ ಇರುವಂಥದ್ದು. ನೆಗೆಟಿವ್ ತಾಯಿಗೆ ಹೆರಿಗೆಯಲ್ಲಿ ರಕ್ತ ಹೋದರೆ ಕೊಡಲು ನೆಗೆಟಿವ್ ರಕ್ತವೇ ಬೇಕು, ಅದು ಕೇಳಿದ ಕೂಡಲೇ ಸಿಗುವುದಿಲ್ಲ. ಒಂಬತ್ತನೇ ತಿಂಗಳಲ್ಲೇ ಇಬ್ಬರು ದಾನಿಗಳ ನಂಬರ್ ಕೈಯಲ್ಲಿರಲಿ. ಮೊದಲು ನಿಮ್ಮ ಅಣ್ಣ ತಮ್ಮಂದಿರ ಗ್ರೂಪ್ ನೋಡಿ, ಒಂದೇ ಗ್ರೂಪ್ ಸಿಗುವ ಸಾಧ್ಯತೆ ಹೊರಗಿನವರಿಗಿಂತ ಅಲ್ಲಿ ಜಾಸ್ತಿ.

ಐಸಿಟಿ ಪಾಸಿಟಿವ್ ಬಂದರೆ? ಆಗ ಆಂಟಿ ಡಿಯಿಂದ ಪ್ರಯೋಜನ ಇಲ್ಲ, ಹಾಲು ಆಗಲೇ ಉಕ್ಕಿ ಆಗಿದೆ. ಆದರೆ ದಾರಿ ಮುಚ್ಚಿಲ್ಲ. ಪ್ರತಿಕಾಯ ಎಷ್ಟಿದೆ ಎಂದು ಆಗಾಗ ಅಳೆಯುತ್ತಾರೆ, ಜಾಸ್ತಿ ಇದ್ದರೆ ಮಗುವಿನ ಮೆದುಳಿನ ರಕ್ತನಾಳದ ವೇಗವನ್ನು ಡಾಪ್ಲರ್ ಸ್ಕ್ಯಾನಿನಲ್ಲಿ ನೋಡುತ್ತಾರೆ. ರಕ್ತ ಕಡಿಮೆಯಾದ ಮಗುವಿನಲ್ಲಿ ಅದು ವೇಗವಾಗಿ ಓಡುತ್ತದೆ. ಬೇಕಾದರೆ ಹೊಟ್ಟೆಯಲ್ಲಿರುವ ಮಗುವಿಗೇ ಹೊಕ್ಕುಳ ಬಳ್ಳಿಯ ಮೂಲಕ ರಕ್ತ ಕೊಡುತ್ತಾರೆ. ಇದೆಲ್ಲ ಸಣ್ಣ ಆಸ್ಪತ್ರೆಯ ಕೆಲಸ ಅಲ್ಲ. ಭ್ರೂಣದ ಚಿಕಿತ್ಸೆ ತಿಳಿದ ಡಾಕ್ಟರ್ ಇರುವ ದೊಡ್ಡ ಕಡೆಗೆ ಬೇಗ ಕಳಿಸಿಕೊಡಿ ಎಂದು ನೀವೇ ಕೇಳಿ.

ಹೆರಿಗೆಯಾದ ಮೇಲೆ 72 ಗಂಟೆ

ಗಡಿಯಾರ ಶುರುವಾಗುವುದು ಮಗು ಹುಟ್ಟಿದ ಹೊತ್ತಿನಿಂದ. ಹೊಕ್ಕುಳ ಬಳ್ಳಿ ಕತ್ತರಿಸುವಾಗಲೇ ಅದರ ರಕ್ತ ತೆಗೆದು ಮಗುವಿನ ಗ್ರೂಪ್, ಡೈರೆಕ್ಟ್ ಕೂಂಬ್ಸ್ (ಮಗುವಿನ ಕಣಗಳಿಗೆ ತಾಯಿಯ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಪರೀಕ್ಷೆ), ಬಿಲಿರುಬಿನ್ (ಕೆಂಪು ಕಣ ಒಡೆದಾಗ ಬರುವ, ಕಾಮಾಲೆ ತರುವ ಹಳದಿ ಅಂಶ), ಹಿಮೋಗ್ಲೋಬಿನ್ ನೋಡುತ್ತಾರೆ. ಹೊರಗೆ ಕಾಯುತ್ತಿರುವ ಗಂಡನ ಕೆಲಸ "ಗಂಡೋ ಹೆಣ್ಣೋ" ಎಂದು ಕೇಳಿದ ಮೇಲೆ "ಗ್ರೂಪ್ ಯಾವುದು" ಎಂದೂ ಕೇಳುವುದು. ಪಾಸಿಟಿವ್ ಎಂದಾದರೆ 72 ಗಂಟೆಯೊಳಗೆ ತಾಯಿಗೆ ಇನ್ನೊಂದು ಆಂಟಿ ಡಿ. 28ನೇ ವಾರದಲ್ಲಿ ಕೊಟ್ಟಿದ್ದಾರಲ್ಲ, ಇನ್ನು ಯಾಕೆ ಎಂದು ಕೇಳುವವರಿದ್ದಾರೆ. ಅದು ಆ ಮೂರು ತಿಂಗಳಿಗೆ, ಇದು ಹೆರಿಗೆಗೆ. ಮಗು ನೆಗೆಟಿವ್ ಆದರೆ ಇದು ಬೇಡ.

ಶನಿವಾರ ಸಂಜೆ ಹೆರಿಗೆ, ಭಾನುವಾರ ಲ್ಯಾಬ್ ರಜೆ, ಸೋಮವಾರ ಏನೋ ಹರತಾಳ. ನಮ್ಮ ಜಿಲ್ಲೆಯಲ್ಲಿ 72 ಗಂಟೆ ಕಳೆಯಲು ಅಷ್ಟು ಸಾಕು! ಮಗುವಿನ ಗ್ರೂಪ್ ಗೊತ್ತಾಗದೆ ಉಳಿದರೆ ಇಂಜೆಕ್ಷನ್ ಕೊಟ್ಟುಬಿಡುವುದೇ ರೂಢಿ. ಮೂರು ದಿನ ದಾಟಿತು ಎಂದು ಬಿಟ್ಟುಬಿಡಬೇಡಿ, 10 ದಿನದವರೆಗೆ ಕೊಟ್ಟರೂ ಸ್ವಲ್ಪ ಪ್ರಯೋಜನ ಇದೆ. ಸಿಸೇರಿಯನ್, ಅವಳಿ ಜವಳಿ, ಮಾಸನ್ನು ಕೈ ಹಾಕಿ ತೆಗೆದದ್ದು ಇಂಥ ಸಂದರ್ಭದಲ್ಲಿ ಜಾಸ್ತಿ ರಕ್ತ ಸೇರಿರಬಹುದು. ಡೋಸ್ ಸಾಕೇ ಎಂದು ಕೇಳಿ.

ಓ ಗ್ರೂಪಿನ ಅಮ್ಮಂದಿರಿಗೆ ಬೇರೆಯೇ ಒಂದು ಮಾತು

ಪಾಸಿಟಿವ್ ಆದ ಓ ತಾಯಂದಿರು ಇಷ್ಟು ಹೊತ್ತು ಇದು ನಮಗಲ್ಲ ಎಂದುಕೊಂಡು ಓದಿದ್ದರೆ, ಈಗ ಸರಿಯಾಗಿ ಓದಿ. ತಾಯಿ ಓ, ಮಗು ಎ ಅಥವಾ ಬಿ ಆದರೆ ಅದೂ ಹೊಂದಾಣಿಕೆ ಇಲ್ಲದ ರಕ್ತವೇ. ಓ ಗ್ರೂಪಿನವರಲ್ಲಿ ಎ, ಬಿ ಎರಡರ ವಿರುದ್ಧವೂ ಪ್ರತಿಕಾಯ ಹುಟ್ಟಿನಿಂದಲೇ ಹೆಚ್ಚುಕಡಿಮೆ ತಯಾರಿರುತ್ತದೆ, ಅದಕ್ಕೇ ಇದು ಮೊದಲನೆಯ ಮಗುವಿಗೂ ಬರುತ್ತದೆ. ತಡೆಯಲು ಇಂಜೆಕ್ಷನ್ ಇಲ್ಲ. ಆದರೆ ಹೆಚ್ಚಿನ ಮಕ್ಕಳಿಗೆ ಇದು ಬರೀ ಕಾಮಾಲೆಯಲ್ಲಿ ಮುಗಿಯುತ್ತದೆ, ಎಷ್ಟೋ ಮಕ್ಕಳಿಗೆ ಅದೂ ಇಲ್ಲ.

ನನ್ನ ಮಗನಿಗೆ ಆದದ್ದು ಇದೇ. ಬಿ ಪಾಸಿಟಿವ್. ಹುಟ್ಟಿದ ಮರುದಿನ ಬೆಳಗ್ಗೆಯೇ ಮುಖ ಹಳದಿ, ಬಿಲಿರುಬಿನ್ 11. ಅಮ್ಮ "ಎಲ್ಲ ಮಕ್ಕಳಿಗೂ ಸ್ವಲ್ಪ ಹಳದಿಯಾಗುತ್ತದೆ, ನಿನಗೂ ಆಗಿತ್ತು" ಎಂದರು. ಅಮ್ಮ ಹೇಳಿದ್ದು ಅರ್ಧ ಸರಿ. ಎರಡನೆಯ ಮೂರನೆಯ ದಿನ ಬರುವ ಹಳದಿ ಸಾಮಾನ್ಯ. ಮೊದಲ 24 ಗಂಟೆಯಲ್ಲಿ ಕಂಡದ್ದು ಸಾಮಾನ್ಯ ಅಲ್ಲ, ಅದನ್ನು ಆಗಲೇ ಪರೀಕ್ಷೆ ಮಾಡಲೇಬೇಕು. (ಓದಿದ ಮೇಲೆ ಗೊತ್ತಾದ ತಮಾಷೆ: ಮಗು ಬಿ, ತಾಯಿ ಓ ಆದರೆ ಡಿ ತೊಂದರೆ ಬರುವ ಸಂಭವ ಸ್ವಲ್ಪ ಕಡಿಮೆಯಂತೆ. ತಾಯಿಯ ಮೈ ಆ ಕಣಗಳನ್ನು ಗುರುತಿಸಿ ನೆನಪಿಟ್ಟುಕೊಳ್ಳುವ ಮೊದಲೇ ಬಿ ವಿರುದ್ಧದ ಪ್ರತಿಕಾಯ ಅವುಗಳನ್ನು ಮುಗಿಸಿಬಿಡುತ್ತದೆ. ಹಾಗೆಂದು ಇಂಜೆಕ್ಷನ್ ಬಿಡುವಂತಿಲ್ಲ.)

ಫೋಟೋಥೆರಪಿ ಎಂದರೆ ಮಗುವನ್ನು ಬಟ್ಟೆ ಬಿಚ್ಚಿ ನೀಲಿ ಬೆಳಕಿನ ಕೆಳಗೆ ಮಲಗಿಸುವುದು, ಕಣ್ಣಿಗೆ ಮಾತ್ರ ಪಟ್ಟಿ. ಆ ಬೆಳಕು ಬಿಲಿರುಬಿನನ್ನು ಮೈಯಿಂದ ಹೊರಗೆ ಹೋಗುವ ರೂಪಕ್ಕೆ ಬದಲಾಯಿಸುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬರು ಅಜ್ಜಿ, ಪಾಪ ಮಗುವಿಗೆ ಚಳಿ ಎಂದು ಸಿಸ್ಟರ್ ಆಚೆ ಹೋದಾಗಲೆಲ್ಲ ಮುಂಡಿನ ತುಂಡು ಹೊದೆಸುತ್ತಿದ್ದರು. ಹೊದೆಸಿದರೆ ಬೆಳಕು ಬೀಳುವುದು ಬಟ್ಟೆಯ ಮೇಲೆ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಿ, ಮೂತ್ರ ಎಷ್ಟು ಸಲ ಎಂದು ಲೆಕ್ಕ ಇಡಿ. ಕಕ್ಕ ಸ್ವಲ್ಪ ನೀರಾಗಿ ಹಸಿರು ಬಣ್ಣದಲ್ಲಿ ಹೋದರೆ ಹೆದರಬೇಡಿ. ಇದರಲ್ಲೂ ಇಳಿಯದಿದ್ದರೆ ಐವಿಐಜಿ ಎಂಬ ಮದ್ದು, ಕೊನೆಗೆ ಮಗುವಿನ ರಕ್ತವನ್ನೇ ಸ್ವಲ್ಪ ಸ್ವಲ್ಪ ತೆಗೆದು ಹೊಸದು ತುಂಬುವುದು. ಕೇಳಲು ಭಯ. ಆದರೆ ಬಿಲಿರುಬಿನ್ ಮೆದುಳಿಗೆ ಏರಿದರೆ ಕಿವಿ ಕೇಳದಂತಾಗಬಹುದು, ಕೈಕಾಲು ಹಿಡಿತ ತಪ್ಪಬಹುದು, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಡಾಕ್ಟರ್ ಬೇಕು ಎಂದರೆ ಬೇಡ ಎನ್ನಬೇಡಿ.

ಮನೆಗೆ ಬಂದ ಮೇಲೆ

ಎರಡನೆಯ ದಿನವೇ ಡಿಸ್ಚಾರ್ಜ್ ಮಾಡುತ್ತಾರೆ, ಕಾಮಾಲೆ ಏರುವುದು 3ರಿಂದ 5ನೇ ದಿನಕ್ಕೆ. ಆ ಹೊತ್ತಿಗೆ ಮಗು ಇರುವುದು ಎಲ್ಲಿ? ನಮ್ಮ ಹಳೆಯ ಹಂಚಿನ ಮನೆಯ ಬಾಣಂತಿ ಕೋಣೆಯಲ್ಲಿ. ಒಂದು ಸಣ್ಣ ಕಿಟಕಿ, ಅದಕ್ಕೂ ಪರದೆ, ಒಂದು ಹಳದಿ ಬಲ್ಬು. ಅಲ್ಲಿ ಎಲ್ಲರೂ ಹಳದಿಯೇ! ಸಾಲದ್ದಕ್ಕೆ ಮೀಯಿಸುವಾಗ ಅರಸಿನ ಹಚ್ಚುತ್ತಾರೆ, ಆಮೇಲೆ ದೇವರೇ ಬಂದರೂ ಬಣ್ಣ ಗೊತ್ತಾಗಲಿಕ್ಕಿಲ್ಲ. ಮೊದಲ ಎರಡು ವಾರ ಅರಸಿನ ಬೇಡ ಎಂದು ಮೀಯಿಸಲು ಬರುವವರಿಗೆ ಮೊದಲೇ ಹೇಳಿ. ದಿನಾ ಬೆಳಗ್ಗೆ ಮಗುವನ್ನು ಜಗಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಹಣೆಯ ಮೇಲೆ, ಎದೆಯ ಮೇಲೆ, ತೊಡೆಯ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಹಳದಿ ಕಾಣುತ್ತದೆಯೇ? ಕಪ್ಪು ಮೈಬಣ್ಣದ ಮಗುವಾದರೆ ಕಣ್ಣು, ವಸಡು ನೋಡಿ. ಹಳದಿ ಮುಖದಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ. ಅಂಗೈ ಅಂಗಾಲು ಹಳದಿಯಾಗಿದ್ದರೆ ಆ ಕ್ಷಣವೇ ಹೊರಡಿ.

ಇನ್ನು ಕೆಲವಕ್ಕೂ ಹೀಗೆಯೇ, ರಾತ್ರಿಯಾದರೂ ಕಾಯಬಾರದು: ಎಬ್ಬಿಸಿದರೂ ಹಾಲಿಗೆ ಏಳದ ಮಗು, ಕೀರಲು ದನಿಯ ಅಳು, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸುವುದು, ಜ್ವರ, ಫಿಟ್ಸ್. ಇಲ್ಲಿ 108ಕ್ಕೆ ಕರೆ ಮಾಡಿ, ಕ್ಯಾಶುವಾಲಿಟಿಯಲ್ಲಿ "ಮಗುವಿನ ತಾಯಿ ಓ ನೆಗೆಟಿವ್" ಎಂಬುದನ್ನೇ ಮೊದಲ ಮಾತಾಗಿ ಹೇಳಿ. ಮಲಯಾಳಿ ಸಿಸ್ಟರಿಗೆ "ಮಞ್ಞ" ಎಂದರೆ ಸಾಕು, ಅರ್ಥವಾಗುತ್ತದೆ.

ಬೆಳಗಿನ ಬಿಸಿಲು ಕಾಯಿಸುವುದು ಚಿಕಿತ್ಸೆ ಅಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ಬಿಸಿಲಾದರೂ ಎಲ್ಲಿದೆ ನಮ್ಮಲ್ಲಿ? ಗ್ಲೂಕೋಸ್ ನೀರು, ಜೇನು ಬೇಡ. ಅರಸಿನ ಮುಂಡಿಗೆಗೆ, ಅಂದರೆ ಕಾಮಾಲೆಗೆ, ಕೊಡುವ ಹಳ್ಳಿ ಮದ್ದು ದೊಡ್ಡವರ ಲಿವರಿನ ಕಾಯಿಲೆಗೆ ಎಂದು ಕೊಡುವಂಥದ್ದು. ಇಲ್ಲಿ ಆಗುತ್ತಿರುವುದು ರಕ್ತ ಒಡೆಯುವುದು. ತಾಯಿಯ ಹಾಲು ಮಾತ್ರ ನಿಲ್ಲಿಸಬೇಡಿ, ಹಾಲಿನಲ್ಲಿ ಪ್ರತಿಕಾಯ ಹೋಗುತ್ತದೆ ಎಂಬ ಹೆದರಿಕೆ ಸುಮ್ನೆ.

ಇನ್ನೊಂದು, ಅಟ್ಟದ ಪೆಟ್ಟಿಗೆಯಿಂದ ತೆಗೆದ ಹಳೆಯ ಮೆತ್ತಗಿನ ಸೀರೆ ಬಟ್ಟೆಗಳು. ಅದರಲ್ಲಿ ನಾಫ್ತಲೀನ್ ಗುಳಿಗೆ ಹಾಕಿಟ್ಟಿದ್ದರೆ ಮಗುವಿಗೆ ಬಳಸಬೇಡಿ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಿಗೆ ಆ ವಾಸನೆಯೇ ಸಾಕು, ಕೆಂಪು ಕಣ ಒಡೆಯಲು. ಗ್ರೂಪಿನ ತೊಂದರೆಯ ಜೊತೆ ಇದೂ ಸೇರಿದರೆ ಕಷ್ಟ.

ಕಾಮಾಲೆ ಇಳಿಯಿತು ಎಂದು ಫೈಲ್ ಮೇಲಿಡಬೇಡಿ. ಉಳಿದಿರುವ ಪ್ರತಿಕಾಯಗಳು ಕೆಲವು ವಾರ ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತವೆ, ಅದರಲ್ಲೂ ಡಿ ತೊಂದರೆಯ ಮಕ್ಕಳಲ್ಲಿ. ಮಗು ಬಿಳಿಚಿಕೊಳ್ಳುವುದು, ಹಾಲು ಕುಡಿಯುವಾಗ ಏದುಸಿರು, ಬೆವರು ಕಂಡರೆ ರಕ್ತ ಕಡಿಮೆಯಾಗಿದೆ ಎಂದು ಸಂಶಯ ಪಡಿ. ಮೊದಲ ಎರಡು ತಿಂಗಳಲ್ಲಿ ಯಾವಾಗ ಹಿಮೋಗ್ಲೋಬಿನ್ ನೋಡಿಸಬೇಕು ಎಂದು ಬರೆಸಿಕೊಂಡೇ ಬನ್ನಿ. ಎರಡು ವಾರ ಕಳೆದರೂ ಹಳದಿ ಉಳಿದರೆ, ಅಥವಾ ಕಕ್ಕ ಸುಣ್ಣದ ಹಾಗೆ ಬೆಳ್ಳಗಾದರೆ, ಅದು ಬೇರೆ ಕಾಯಿಲೆ ಇರಬಹುದು, ತಡಮಾಡಬಾರದು. ಕಾಮಾಲೆ ತುಂಬ ಏರಿದ್ದ ಮಗುವಿಗೆ ಬೇರಾ ಎಂಬ ಕಿವಿ ಪರೀಕ್ಷೆಯನ್ನೂ ಮಾಡಿಸಿ.

ನನ್ನ ಎರಡನೆಯ ಬಸುರಿನಲ್ಲಿ ಇಂಜೆಕ್ಷನ್ ಸೀಮಂತಕ್ಕೆ ನಾಲ್ಕು ದಿನ ಮೊದಲೇ ಆಯಿತು, ಪುತ್ತೂರಿನಲ್ಲೇ. ಹುಟ್ಟಿದವಳು ಓ ನೆಗೆಟಿವ್. ಹೆರಿಗೆಯ ನಂತರದ ಇಂಜೆಕ್ಷನ್ ಬೇಕಾಗಲಿಲ್ಲ, ಹಳದಿಯೂ ಜಾಸ್ತಿ ಆಗಲಿಲ್ಲ. ಅವಳ ಲಸಿಕೆ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಗ್ರೂಪ್ ಬರೆದಿಟ್ಟಿದ್ದೇನೆ, ಕೆಳಗೆ "ಪಾಸಿಟಿವ್ ರಕ್ತ ಕೊಡಬೇಡಿ" ಎಂದು ಕನ್ನಡದಲ್ಲೂ ಮಲಯಾಳದಲ್ಲೂ.